ಹೃದ್ರೋಗಗಳ ಅಪಾಯಾಂಶ ಮತ್ತು ರೋಗಪರಿಣಾಮ ಸಂಶೋಧನೆ

ಗಂಭೀರ ಹೃದ್ರೋಗಗಳು ಯಾರಿಗೆ, ಯಾವ ಕಾರಣಗಳಿಂದ ಬರುತ್ತವೆ, ಬಂದ ಮೇಲೆ ರೋಗಿಯ ಗತಿ ಏನಾಗುತ್ತದೆ, ಯಾವ ಚಿಕಿತ್ಸೆಯಿಂದ ಆ ಗತಿ ಬದಲಾಗುತ್ತದೆ ಎಂಬುದನ್ನು ಜನಸಮುದಾಯದಲ್ಲೂ ಆಸ್ಪತ್ರೆಗಳಲ್ಲೂ ನೇರವಾಗಿ ಗಮನಿಸಿ, ಎಣಿಸಿ, ಹೋಲಿಸಿ ನಿರ್ಣಯಿಸುವ ವೈದ್ಯಕೀಯ ಸಂಶೋಧನೆಯ ಶಾಖೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಗಳಿಂದ ಸುಮಾರು 1.98 ಕೋಟಿ ಜನ ಮೃತಪಟ್ಟರು. ಇದು ಆ ವರ್ಷ ಜಗತ್ತಿನಲ್ಲಿ ಸಂಭವಿಸಿದ ಸಾವುಗಳಲ್ಲಿ ಶೇ 32ರಷ್ಟು. ಈ ಸಾವುಗಳಲ್ಲಿ ಬಹುಪಾಲು ಹೃದಯಾಘಾತ ಮತ್ತು ಮಿದುಳಿನ ಆಘಾತದಿಂದ ಆದವು. ಇಂದು ರೂಢಿಯಲ್ಲಿರುವ ಹೃದ್ರೋಗ ಚಿಕಿತ್ಸೆಯ ಬಹುಭಾಗ ಈ ಶಾಖೆಯ ಅಧ್ಯಯನಗಳನ್ನು ಆಧರಿಸಿದೆ.

ವ್ಯಾಪ್ತಿ ಮತ್ತು ಪರಿಭಾಷೆ

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಪರಿಧಮನಿ ಮುಚ್ಚಿಕೊಂಡು ಸ್ನಾಯುವಿನ ಒಂದು ಭಾಗ ಸಾಯುವುದು ಹೃದಯಾಘಾತ. ಹೃದಯವು ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪಂಪ್ ಮಾಡಲಾರದ ದೀರ್ಘಕಾಲದ ಸ್ಥಿತಿ ಹೃದಯ ವೈಫಲ್ಯ. ವಿದ್ಯುತ್ ಲಯ ಕೆಟ್ಟು ಹೃದಯ ಹಠಾತ್ತನೆ ನಿಂತುಹೋಗುವುದು ಹೃದಯ ಸ್ತಂಭನ. ಮೂರೂ ಬೇರೆ ಬೇರೆ ಸ್ಥಿತಿಗಳು. ಹೃದಯಾಘಾತವು ಸ್ತಂಭನಕ್ಕೆ ಅಥವಾ ವೈಫಲ್ಯಕ್ಕೆ ಕಾರಣವಾಗಬಹುದಾದರೂ ಅಧ್ಯಯನಗಳಲ್ಲಿ ಇವನ್ನು ಪ್ರತ್ಯೇಕವಾಗಿ ಎಣಿಸಲಾಗುತ್ತದೆ. ಹೃದಯಾಘಾತವನ್ನು ಎಲ್ಲ ದೇಶಗಳಲ್ಲೂ ಒಂದೇ ಮಾನದಂಡದಿಂದ ಗುರುತಿಸಲು ಅಂತರರಾಷ್ಟ್ರೀಯ ವ್ಯಾಖ್ಯೆಯೊಂದಿದೆ. ಅದರ ನಾಲ್ಕನೆಯ ಆವೃತ್ತಿ 2018ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಟ್ರೋಪೋನಿನ್ ಎಂಬ ಪ್ರೋಟೀನಿನ ಏರಿಳಿತ ಈ ವ್ಯಾಖ್ಯೆಯ ತಳಹದಿ.

ಯಾವ ಲಕ್ಷಣ, ಅಭ್ಯಾಸ ಅಥವಾ ಅಳತೆ ಇರುವವರಲ್ಲಿ ರೋಗ ಬರುವ ಸಂಭವ ಹೆಚ್ಚೋ ಅದು ಅಪಾಯಾಂಶ. ರೋಗ ಬಂದ ಮೇಲೆ ಸಂಭವಿಸುವ ಸಾವು, ಮತ್ತೊಂದು ಆಘಾತ, ಮತ್ತೆ ಆಸ್ಪತ್ರೆಗೆ ದಾಖಲಾಗುವುದು, ದುಡಿಯುವ ಶಕ್ತಿಯ ನಷ್ಟ, ಚೇತರಿಕೆ ಇವು ರೋಗಪರಿಣಾಮಗಳು. ಒಂದು ಅಧ್ಯಯನವು ಮೊದಲೇ ಘೋಷಿಸಿ ಎಣಿಸುವ ಪರಿಣಾಮವನ್ನು ಅಂತ್ಯಬಿಂದು ಎನ್ನುತ್ತಾರೆ. ಸಾವಿನ ಬದಲು ರಕ್ತದೊತ್ತಡ, ಕೊಲೆಸ್ಟರಾಲ್‌ನಂಥ ಅಳತೆಯನ್ನು ಅಂತ್ಯಬಿಂದುವಾಗಿ ಇಟ್ಟುಕೊಂಡರೆ ಅದು ಬದಲಿ ಸೂಚಕ. ಎರಡು ಗುಂಪುಗಳ ನಡುವೆ ಅಪಾಯ ಎಷ್ಟು ಪಟ್ಟು ಭಿನ್ನ ಎಂಬುದನ್ನು ಸಾಪೇಕ್ಷ ಅಪಾಯವೂ ನೂರು ಜನರಲ್ಲಿ ಎಷ್ಟು ಮಂದಿಗೆ ವ್ಯತ್ಯಾಸವಾಯಿತು ಎಂಬುದನ್ನು ನಿರಪೇಕ್ಷ ಅಪಾಯದ ಅಂತರವೂ ತಿಳಿಸುತ್ತವೆ.

ಉಗಮ ಮತ್ತು ಬೆಳವಣಿಗೆ

ಪರಿಧಮನಿ ಮುಚ್ಚಿದರೂ ರೋಗಿ ಬದುಕಬಲ್ಲ, ಜೀವಂತವಿದ್ದಾಗಲೇ ರೋಗವನ್ನು ಗುರುತಿಸಬಹುದು ಎಂದು ಅಮೆರಿಕದ ಜೇಮ್ಸ್ ಹೆರಿಕ್ 1912ರಲ್ಲಿ ತೋರಿಸಿದರು. ಮರುವರ್ಷ ರಷ್ಯಾದ ನಿಕೊಲಾಯ್ ಅನಿಚ್ಕೊವ್ ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿ ಅವುಗಳ ರಕ್ತನಾಳಗಳ ಗೋಡೆಯಲ್ಲಿ ಕೊಬ್ಬು ಕೂಡುವುದನ್ನು ವಿವರಿಸಿದರು. ಆದರೂ ಮುಂದಿನ ಹಲವು ದಶಕಗಳ ಕಾಲ ಹೃದ್ರೋಗವನ್ನು ಮುಪ್ಪಿನ ಸಹಜ ಫಲವೆಂದೇ ಬಗೆಯಲಾಗುತ್ತಿತ್ತು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ತೀವ್ರ ರಕ್ತದೊತ್ತಡದಿಂದ ಬಳಲಿ 1945ರಲ್ಲಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಆ ಒತ್ತಡವನ್ನು ಇಳಿಸುವ ಸಮರ್ಪಕ ಔಷಧ ವೈದ್ಯರ ಬಳಿ ಇರಲಿಲ್ಲ.

1948ರಲ್ಲಿ ಅಮೆರಿಕ ರಾಷ್ಟ್ರೀಯ ಹೃದಯ ಕಾಯ್ದೆಯನ್ನು ಜಾರಿಗೆ ತಂದಿತು. ಅದೇ ವರ್ಷ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 30ರಿಂದ 62 ವರ್ಷದ 5,209 ಸ್ತ್ರೀಪುರುಷರನ್ನು ಒಳಗೊಂಡ ಅಧ್ಯಯನ ಆರಂಭವಾಯಿತು. ಹೃದ್ರೋಗವಿಲ್ಲದವರನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ, ಯಾರಿಗೆ ರೋಗ ಬಂತು, ಯಾರಿಗೆ ಬರಲಿಲ್ಲ ಎಂದು ದಾಖಲಿಸುವುದು ಅದರ ಕ್ರಮ. ಥಾಮಸ್ ರಾಯ್ಲ್ ಡಾಬರ್ ಆರಂಭಿಕ ವರ್ಷಗಳಲ್ಲಿ ಇದನ್ನು ಮುನ್ನಡೆಸಿದರು. ವಿಲಿಯಂ ಕ್ಯಾನೆಲ್ ಮತ್ತು ಸಹಚರರು 1961ರಲ್ಲಿ ಪ್ರಕಟಿಸಿದ ಪ್ರಬಂಧವು ಏರಿದ ರಕ್ತದೊತ್ತಡ, ಏರಿದ ಕೊಲೆಸ್ಟರಾಲ್ ಮತ್ತು ಹೃದಯದ ವಿದ್ಯುತ್ ಚಟುವಟಿಕೆಯ ದಾಖಲೆಯಾದ ಇಸಿಜಿಯಲ್ಲಿ ಕಾಣುವ ಎಡ ಹೃತ್ಕುಕ್ಷಿಯ ದಪ್ಪವಾಗುವಿಕೆಯನ್ನು ಮುಂಬರುವ ರೋಗದ ಸೂಚಕಗಳೆಂದು ಸ್ಥಾಪಿಸಿತು. ಅಪಾಯಾಂಶ ಎಂಬ ಪರಿಕಲ್ಪನೆ ವೈದ್ಯರಲ್ಲಿ ಬೇರೂರಿದ್ದು ಈ ಪ್ರಬಂಧದ ನಂತರ. 1971ರಲ್ಲಿ ಮೊದಲ ತಂಡದವರ ಮಕ್ಕಳನ್ನೂ 2002ರಲ್ಲಿ ಮೊಮ್ಮಕ್ಕಳನ್ನೂ ಅಧ್ಯಯನಕ್ಕೆ ಸೇರಿಸಿಕೊಳ್ಳಲಾಯಿತು.

ಇದೇ ಕಾಲದಲ್ಲಿ ಇತರ ದಿಕ್ಕುಗಳಿಂದಲೂ ಸಾಕ್ಷ್ಯ ಕೂಡಿಬಂತು. ಜೆರ‍್ರಿ ಮಾರಿಸ್ 1953ರಲ್ಲಿ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ, ದಿನವಿಡೀ ಕುಳಿತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆ ಎಂದು ತೋರಿಸಿದರು. ರಿಚರ್ಡ್ ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ 1951ರಲ್ಲಿ ಆರಂಭಿಸಿದ ಬ್ರಿಟಿಷ್ ವೈದ್ಯರ ಅಧ್ಯಯನ ಧೂಮಪಾನಕ್ಕೂ ಹೃದ್ರೋಗದ ಸಾವುಗಳಿಗೂ ಇರುವ ನಂಟನ್ನು ಬಯಲಿಗೆ ತಂದಿತು. 50 ವರ್ಷಗಳ ದಾಖಲೆಯ ಆಧಾರದಲ್ಲಿ, ಜೀವನವಿಡೀ ಸಿಗರೇಟು ಸೇದಿದವರು ಸೇದದವರಿಗಿಂತ ಸರಾಸರಿ ಸುಮಾರು 10 ವರ್ಷ ಮೊದಲೇ ಸಾಯುತ್ತಾರೆ ಎಂದು 2004ರಲ್ಲಿ ಅದು ವರದಿ ಮಾಡಿತು. ಆನ್ಸೆಲ್ ಕೀಸ್ ನೇತೃತ್ವದಲ್ಲಿ 1958ರಲ್ಲಿ ತೊಡಗಿದ ಏಳು ದೇಶಗಳ ಅಧ್ಯಯನವು ಆಹಾರದ ಕೊಬ್ಬು, ಕೊಲೆಸ್ಟರಾಲ್ ಮತ್ತು ಹೃದ್ರೋಗದ ಪ್ರಮಾಣಗಳನ್ನು ದೇಶದಿಂದ ದೇಶಕ್ಕೆ ಹೋಲಿಸಿತು.

ಎರಡನೆಯ ಘಟ್ಟ ಚಿಕಿತ್ಸೆಯ ಬೃಹತ್ ಪ್ರಯೋಗಗಳದು. ಇಟಲಿಯ 11,806 ಹೃದಯಾಘಾತ ರೋಗಿಗಳನ್ನು ಒಳಗೊಂಡ ಗಿಸ್ಸಿ ಪ್ರಯೋಗ 1986ರಲ್ಲಿ, ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಪಡೆದವರಲ್ಲಿ 21 ದಿನದೊಳಗಿನ ಸಾವು ಶೇ 13ರಿಂದ ಶೇ 10.7ಕ್ಕೆ ಇಳಿದುದನ್ನು ತೋರಿಸಿತು. 1988ರ ಐಸಿಸ್-2 ಪ್ರಯೋಗದಲ್ಲಿ 17,187 ರೋಗಿಗಳಿದ್ದರು. ಆಸ್ಪಿರಿನ್ ಮತ್ತು ಸ್ಟ್ರೆಪ್ಟೊಕೈನೇಸ್ ಎರಡನ್ನೂ ಪಡೆದವರಲ್ಲಿ ಐದು ವಾರದೊಳಗೆ ಶೇ 8ರಷ್ಟು ಮಂದಿ ಹೃದಯ–ರಕ್ತನಾಳದ ಕಾರಣದಿಂದ ಸತ್ತರೆ, ಎರಡನ್ನೂ ಪಡೆಯದವರಲ್ಲಿ ಈ ಪ್ರಮಾಣ ಶೇ 13.2 ಇತ್ತು. ಅಗ್ಗದ ಮಾತ್ರೆಯೊಂದು ಹೃದಯಾಘಾತದ ಸಾವನ್ನು ತಗ್ಗಿಸುತ್ತದೆ ಎಂಬುದಕ್ಕೆ ಇದು ನಿರ್ಣಾಯಕ ಸಾಕ್ಷ್ಯವಾಯಿತು.

ಅಧ್ಯಯನದ ವಿನ್ಯಾಸಗಳು

*ಸಮೂಹ ಅಧ್ಯಯನ.* ರೋಗವಿಲ್ಲದ ಜನರ ಗುಂಪನ್ನು ವರ್ಷಗಟ್ಟಲೆ ಹಿಂಬಾಲಿಸಿ, ಆರಂಭದಲ್ಲಿ ದಾಖಲಾದ ಲಕ್ಷಣಗಳಿಗೂ ನಂತರ ಬಂದ ರೋಗಕ್ಕೂ ಸಂಬಂಧ ಹುಡುಕುವ ಕ್ರಮ. ಫ್ರೇಮಿಂಗ್‌ಹ್ಯಾಮ್ ಇದರ ಮಾದರಿ. ಕಾರಣವು ಪರಿಣಾಮಕ್ಕಿಂತ ಮೊದಲೇ ದಾಖಲಾಗಿರುವುದು ಇದರ ಬಲ. ದೀರ್ಘಕಾಲ ಮತ್ತು ಭಾರಿ ವೆಚ್ಚ ಇದರ ತೊಡಕುಗಳು.

*ಪ್ರಕರಣ–ಹೋಲಿಕೆ ಅಧ್ಯಯನ.* ರೋಗ ಬಂದವರನ್ನೂ ಅದೇ ವಯಸ್ಸು, ಲಿಂಗದ ರೋಗವಿಲ್ಲದವರನ್ನೂ ಆರಿಸಿಕೊಂಡು ಅವರ ಹಿಂದಿನ ಅಭ್ಯಾಸ ಮತ್ತು ಅಳತೆಗಳನ್ನು ಹೋಲಿಸುವ ಕ್ರಮ. ಕಡಿಮೆ ಕಾಲದಲ್ಲಿ ಹೆಚ್ಚು ಪ್ರಕರಣಗಳನ್ನು ಪರಿಶೀಲಿಸಲು ಇದು ಅನುಕೂಲ. ರೋಗಿಯ ನೆನಪನ್ನು ಅವಲಂಬಿಸಬೇಕಾದ ಕಡೆ ತಪ್ಪಿಗೆ ಅವಕಾಶವಿದೆ.

*ರೋಗಿ ನೋಂದಣಿ.* ಒಂದು ರೋಗದಿಂದ ಆಸ್ಪತ್ರೆಗೆ ಬಂದ ಎಲ್ಲರ ವಿವರ, ಅವರಿಗೆ ಸಿಕ್ಕ ಚಿಕಿತ್ಸೆ ಮತ್ತು ಅವರ ಗತಿಯನ್ನು ಕ್ರಮವಾಗಿ ದಾಖಲಿಸುವ ವ್ಯವಸ್ಥೆ. ಚಿಕಿತ್ಸೆ ಆಚರಣೆಯಲ್ಲಿ ಹೇಗೆ ನಡೆಯುತ್ತಿದೆ ಎಂಬುದು ಇದರಿಂದ ತಿಳಿಯುತ್ತದೆ.

*ಯಾದೃಚ್ಛಿಕ ಪ್ರಯೋಗ.* ಚೀಟಿ ಎತ್ತಿದಂತೆ, ವೈದ್ಯರ ಅಥವಾ ರೋಗಿಯ ಆಯ್ಕೆಗೆ ಬಿಡದೆ, ಕೆಲವರಿಗೆ ಹೊಸ ಚಿಕಿತ್ಸೆಯನ್ನೂ ಉಳಿದವರಿಗೆ ರೂಢಿಯ ಚಿಕಿತ್ಸೆಯನ್ನು ಅಥವಾ ಔಷಧಗುಣವಿಲ್ಲದ ಹುಸಿಮಾತ್ರೆಯನ್ನೂ ಕೊಟ್ಟು ಹೋಲಿಸುವ ಕ್ರಮ. ತಿಳಿದ ಮತ್ತು ತಿಳಿಯದ ಎಲ್ಲ ವ್ಯತ್ಯಾಸಗಳೂ ಎರಡು ಗುಂಪುಗಳಲ್ಲಿ ಬಹುಮಟ್ಟಿಗೆ ಸಮನಾಗಿ ಹಂಚಿಹೋಗುವುದರಿಂದ ಕೊನೆಯಲ್ಲಿ ಕಾಣುವ ಅಂತರವನ್ನು ಚಿಕಿತ್ಸೆಗೆ ಆರೋಪಿಸಬಹುದು.

*ಜನ್ಯುಗಳ ಆಧಾರದ ಹೋಲಿಕೆ.* ಹುಟ್ಟಿನಿಂದಲೇ ಒಂದು ಅಳತೆಯನ್ನು ಏರಿಸುವ ಅಥವಾ ಇಳಿಸುವ ಜನ್ಯುಭೇದ ಇರುವವರನ್ನೂ ಇಲ್ಲದವರನ್ನೂ ಹೋಲಿಸಿ, ಆ ಅಳತೆ ರೋಗದ ಕಾರಣವೋ ಬರಿಯ ಸಂಗಾತಿಯೋ ಎಂದು ಪರಿಶೀಲಿಸುವ ಕ್ರಮ.

ಕಾಲಾನುಕ್ರಮದಲ್ಲಿ ಎಷ್ಟು ಮಂದಿ ಬದುಕುಳಿದರು ಎಂಬುದನ್ನು ರೇಖೆಯಾಗಿ ತೋರಿಸುವ ಕ್ಯಾಪ್ಲನ್–ಮೆಯರ್ ವಿಧಾನ 1958ರಲ್ಲಿ ಪ್ರಕಟವಾಯಿತು. ಹಲವು ಅಪಾಯಾಂಶಗಳ ಪ್ರಭಾವವನ್ನು ಒಂದರಿಂದೊಂದು ಬೇರ್ಪಡಿಸಿ ಲೆಕ್ಕಹಾಕಲು ಡೇವಿಡ್ ಕಾಕ್ಸ್ ಅವರ 1972ರ ಗಣಿತ ಮಾದರಿ ಬಳಕೆಯಲ್ಲಿದೆ.

ಅಪಾಯಾಂಶಗಳು

ಅಪಾಯಾಂಶಗಳಲ್ಲಿ ಬದಲಾಯಿಸಲಾಗದವು ಮತ್ತು ಬದಲಾಯಿಸಬಹುದಾದವು ಎಂದು ಎರಡು ಬಗೆ. ವಯಸ್ಸು, ಲಿಂಗ, ವಂಶದ ಹಿನ್ನೆಲೆ ಮೊದಲ ಬಗೆಗೆ ಸೇರುತ್ತವೆ. ರಕ್ತದೊತ್ತಡ, ಕೊಲೆಸ್ಟರಾಲ್, ಮಧುಮೇಹ, ತಂಬಾಕು, ಬೊಜ್ಜು, ಆಹಾರ, ದೈಹಿಕ ಚಟುವಟಿಕೆ ಎರಡನೆಯ ಬಗೆಯವು.

ಈ ಅಂಶಗಳು ಎಲ್ಲ ದೇಶದವರಿಗೂ ಅನ್ವಯಿಸುತ್ತವೆಯೇ ಎಂಬ ಪ್ರಶ್ನೆಗೆ 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ ಉತ್ತರ ಕೊಟ್ಟಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದ ಸಲೀಂ ಯೂಸುಫ್ ಇದರ ನೇತೃತ್ವ ವಹಿಸಿದ್ದರು. 52 ದೇಶಗಳಲ್ಲಿ ಮೊದಲ ಬಾರಿ ಹೃದಯಾಘಾತವಾದ 15,152 ಜನರನ್ನು 14,820 ಆರೋಗ್ಯವಂತರೊಂದಿಗೆ ಹೋಲಿಸಲಾಯಿತು. ಧೂಮಪಾನ, ರಕ್ತದ ಕೊಬ್ಬಿನ ಅಸಮತೋಲ, ಅಧಿಕ ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮಾನಸಿಕ–ಸಾಮಾಜಿಕ ಒತ್ತಡ ಅಪಾಯವನ್ನು ಹೆಚ್ಚಿಸಿದವು. ದಿನವೂ ಹಣ್ಣು–ತರಕಾರಿ ಸೇವನೆ ಮತ್ತು ನಿಯಮಿತ ವ್ಯಾಯಾಮ ಅಪಾಯವನ್ನು ತಗ್ಗಿಸಿದವು. ಒಂಬತ್ತನೆಯ ಅಂಶವಾದ ಮದ್ಯಸೇವನೆ ಒಟ್ಟು ಲೆಕ್ಕದಲ್ಲಿ ಅಲ್ಪ ರಕ್ಷಣೆಯೊಂದಿಗೆ ಜೋಡಿಗೊಂಡಂತೆ ಕಂಡರೂ ದಕ್ಷಿಣ ಏಷ್ಯಾದವರಲ್ಲಿ ಅಂಥ ರಕ್ಷಣೆ ಕಂಡುಬರಲಿಲ್ಲ. ಈ ಒಂಬತ್ತು ಅಂಶಗಳು ಸೇರಿ ಪುರುಷರಲ್ಲಿ ಹೃದಯಾಘಾತದ ಅಪಾಯದ ಶೇ 90ನ್ನೂ ಸ್ತ್ರೀಯರಲ್ಲಿ ಶೇ 94ನ್ನೂ ವಿವರಿಸಿದವು.

ಇದೇ ಅಧ್ಯಯನದ ದಕ್ಷಿಣ ಏಷ್ಯಾದ ವಿಶ್ಲೇಷಣೆ 2007ರಲ್ಲಿ ಹೊರಬಂತು. ಮೊದಲ ಹೃದಯಾಘಾತದ ಮಧ್ಯಾಂಕ ವಯಸ್ಸು ಇತರ ದೇಶಗಳಲ್ಲಿ 58.8 ವರ್ಷವಿದ್ದರೆ ದಕ್ಷಿಣ ಏಷ್ಯಾದಲ್ಲಿ 53 ಇತ್ತು. ಈ ಅಂತರದ ಬಹುಭಾಗಕ್ಕೆ ಕಾರಣ ಬೇರಾವುದೋ ಅಜ್ಞಾತ ಅಂಶವಲ್ಲ, ಅದೇ ಪರಿಚಿತ ಅಪಾಯಾಂಶಗಳು ಇಲ್ಲಿ ಎಳೆಯ ವಯಸ್ಸಿನಲ್ಲೇ ಹೆಚ್ಚಾಗಿರುವುದು ಎಂದು ವಿಶ್ಲೇಷಣೆ ತಿಳಿಸಿತು.

ವಂಶಾನುಗತ ಅಂಶಗಳ ಪೈಕಿ ಕೊಲೆಸ್ಟರಾಲ್ ನಿಯಂತ್ರಣದ ಜನ್ಯುಗಳು ಚೆನ್ನಾಗಿ ಪರಿಶೀಲಿತವಾಗಿವೆ. ಎಲ್‌ಡಿಎಲ್ ಎಂಬ ಹಾನಿಕರ ಕೊಲೆಸ್ಟರಾಲನ್ನು ಜೀವಕೋಶಗಳು ಒಳಗೆಳೆದುಕೊಳ್ಳುವ ಗ್ರಾಹಕವನ್ನು ಕಂಡುಹಿಡಿದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರ ನೊಬೆಲ್ ಪ್ರಶಸ್ತಿ ದೊರೆಯಿತು. ಪಿಸಿಎಸ್‌ಕೆ9 ಎಂಬ ಜನ್ಯು ನಿಷ್ಕ್ರಿಯವಾಗಿರುವವರಲ್ಲಿ ಜೀವನವಿಡೀ ಎಲ್‌ಡಿಎಲ್ ಕಡಿಮೆ ಇದ್ದು ಪರಿಧಮನಿ ರೋಗ ತೀರ ವಿರಳವೆಂದು 2006ರಲ್ಲಿ ತಿಳಿದುಬಂತು. ಹೃದಯ ಸ್ನಾಯುವಿನ ಪ್ರೋಟೀನಿಗೆ ಸಂಬಂಧಿಸಿದ ಎಂವೈಬಿಪಿಸಿ3 ಜನ್ಯುವಿನಲ್ಲಿ 25 ಘಟಕಗಳ ಲೋಪವೊಂದು ದಕ್ಷಿಣ ಏಷ್ಯಾ ಮೂಲದವರಲ್ಲಿ ಸುಮಾರು ಶೇ 4ರಷ್ಟು ಮಂದಿಯಲ್ಲಿದೆ, ಅದು ಹೃದಯ ವೈಫಲ್ಯದ ಅಪಾಯವನ್ನು ಹೆಚ್ಚಿಸುತ್ತದೆ ಎಂದು 2009ರ ಅಧ್ಯಯನ ವರದಿ ಮಾಡಿತು.

ಗರ್ಭಾವಸ್ಥೆಯ ಪೋಷಣೆಗೂ ನಂತರದ ಹೃದ್ರೋಗಕ್ಕೂ ನಂಟಿದೆ ಎಂಬ ವಿಚಾರವನ್ನು ಬ್ರಿಟನ್ನಿನ ಡೇವಿಡ್ ಬಾರ್ಕರ್ ಮುಂದಿಟ್ಟರು. ಭಾರತದಲ್ಲಿ ಇದನ್ನು ಪರೀಕ್ಷಿಸಿದ್ದು ಮೈಸೂರಿನ ಅಧ್ಯಯನ. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದವರ ಜನನ ದಾಖಲೆಗಳು ಉಳಿದುಬಂದಿದ್ದವು. ಆ ದಾಖಲೆಗಳ ನೆರವಿನಿಂದ ಪತ್ತೆಹಚ್ಚಿದ 517 ಸ್ತ್ರೀಪುರುಷರನ್ನು ಪರೀಕ್ಷಿಸಿದಾಗ, ಹುಟ್ಟುವಾಗ 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕವಿದ್ದವರಲ್ಲಿ ಶೇ 11 ಮಂದಿಗೂ 3.1 ಕಿಲೋ ಅಥವಾ ಹೆಚ್ಚು ತೂಕವಿದ್ದವರಲ್ಲಿ ಶೇ 3 ಮಂದಿಗೂ ಪರಿಧಮನಿ ರೋಗವಿರುವುದು ಕಂಡಿತು. ಈ ವರದಿ 1996ರಲ್ಲಿ ಪ್ರಕಟವಾಯಿತು. ಮೈಸೂರಿನಲ್ಲಿ ಮುಂದೆ ಪಾರ್ಥೆನಾನ್ ಎಂಬ ಜನನ ಸಮೂಹ ಅಧ್ಯಯನವೂ ಆರಂಭವಾಯಿತು.

ರೋಗವಾರು ಪರಿಣಾಮಗಳು

*ಹೃದಯಾಘಾತ.* ಆಸ್ಪತ್ರೆಗೆ ಬಂದ ಗಳಿಗೆಯಲ್ಲಿ ಹೃದಯದ ದುರ್ಬಲತೆ ಎಷ್ಟಿದೆ ಎಂಬುದೇ ಮುಂದಿನ ಗತಿಯ ಪ್ರಬಲ ಸೂಚಕವೆಂದು ಥಾಮಸ್ ಕಿಲಿಪ್ ಮತ್ತು ಜಾನ್ ಕಿಂಬಲ್ 1967ರಲ್ಲಿ 250 ರೋಗಿಗಳ ದಾಖಲೆಯಿಂದ ತೋರಿಸಿದರು. ವೈಫಲ್ಯದ ಚಿಹ್ನೆಯಿಲ್ಲದವರಲ್ಲಿ ಶೇ 6 ಮಂದಿ ಸತ್ತರೆ, ರಕ್ತದೊತ್ತಡ ಕುಸಿದು ಆಘಾತಸ್ಥಿತಿಗೆ ತಲುಪಿದವರಲ್ಲಿ ಶೇ 81 ಮಂದಿ ಸತ್ತಿದ್ದರು. ಅವರು ರೂಪಿಸಿದ ನಾಲ್ಕು ದರ್ಜೆಗಳ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಮುಚ್ಚಿದ ಪರಿಧಮನಿಯನ್ನು ಬಲೂನಿನಿಂದ ತಕ್ಷಣ ತೆರೆಯುವ ಆಂಜಿಯೋಪ್ಲಾಸ್ಟಿಯನ್ನು ಹೆಪ್ಪು ಕರಗಿಸುವ ಔಷಧದೊಂದಿಗೆ ಹೋಲಿಸಿದ 23 ಪ್ರಯೋಗಗಳ 2003ರ ಒಟ್ಟು ವಿಶ್ಲೇಷಣೆಯಲ್ಲಿ ಅಲ್ಪಾವಧಿಯ ಸಾವು ಶೇ 9ರಿಂದ ಶೇ 7ಕ್ಕೆ ಇಳಿದಿತ್ತು. ಆಘಾತಸ್ಥಿತಿ ಮಾತ್ರ ಈಗಲೂ ಕಠಿಣ ಸವಾಲು. 600 ರೋಗಿಗಳ 2012ರ ಪ್ರಯೋಗವೊಂದರಲ್ಲಿ, ಮಹಾಧಮನಿಯಲ್ಲಿ ಬಲೂನ್ ಪಂಪ್ ಅಳವಡಿಸಿದರೂ ಅಳವಡಿಸದಿದ್ದರೂ 30 ದಿನಗಳಲ್ಲಿ ಸುಮಾರು ಶೇ 40 ಮಂದಿ ಮೃತಪಟ್ಟರು.

*ಸ್ಥಿರ ಪರಿಧಮನಿ ರೋಗ.* ತುರ್ತು ಆಘಾತವಿಲ್ಲದೆ ಪರಿಧಮನಿ ಕಿರಿದಾದವರ ವಿಷಯದಲ್ಲಿ ಉತ್ತರ ಬೇರೆಯಾಗಿದೆ. 5,179 ರೋಗಿಗಳ ಇಸ್ಕೀಮಿಯಾ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಔಷಧ ಚಿಕಿತ್ಸೆಯ ಜೊತೆಗೆ ಆರಂಭದಲ್ಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದವರಿಗೂ ಔಷಧದಿಂದಲೇ ಆರಂಭಿಸಿದವರಿಗೂ ಸಾವು ಮತ್ತು ಹೃದಯಾಘಾತದ ಒಟ್ಟು ಪ್ರಮಾಣದಲ್ಲಿ ಗಣನೀಯ ಅಂತರ ಕಾಣಲಿಲ್ಲ. ಪದೇ ಪದೇ ಎದೆನೋವು ಬರುತ್ತಿದ್ದವರಿಗೆ ಸ್ಟೆಂಟ್ ಅಥವಾ ಬೈಪಾಸ್‌ನಿಂದ ಹೆಚ್ಚು ಉಪಶಮನ ಸಿಕ್ಕಿತು.

*ಹೃದಯ ವೈಫಲ್ಯ.* ತೀವ್ರ ವೈಫಲ್ಯದ 253 ರೋಗಿಗಳ ಕನ್ಸೆನ್ಸಸ್ ಪ್ರಯೋಗದಲ್ಲಿ (1987) ಎನಾಲಪ್ರಿಲ್ ಔಷಧ ಪಡೆದವರಲ್ಲಿ ಆರು ತಿಂಗಳ ಸಾವು ಶೇ 44ರಿಂದ ಶೇ 26ಕ್ಕೆ ಇಳಿಯಿತು. ಮುಂದೆ ಬೀಟಾ ತಡೆಗಳು, ಸ್ಪೈರೊನೊಲ್ಯಾಕ್ಟೋನ್ ಮತ್ತು ಮೂಲತಃ ಮಧುಮೇಹಕ್ಕೆ ರೂಪಿಸಿದ ಡಾಪಾಗ್ಲಿಫ್ಲೋಜಿನ್‌ನಂಥ ಔಷಧಗಳು ಒಂದರ ನಂತರ ಒಂದು ಪ್ರಯೋಗಗಳಲ್ಲಿ ಗೆದ್ದು ಬಂದವು. ಪ್ರತಿ ಬಡಿತದಲ್ಲಿ ಎಡ ಹೃತ್ಕುಕ್ಷಿಯು ಹೊರದೂಡುವ ರಕ್ತದ ಪಾಲು ಶೇ 40 ಅಥವಾ ಅದಕ್ಕಿಂತ ಕಡಿಮೆ ಇರುವವರಿಗೆ ಈ ಔಷಧಗಳಿಂದ ಅತಿ ಹೆಚ್ಚು ಪ್ರಯೋಜನ.

*ಲಯದೋಷ ಮತ್ತು ಹಠಾತ್ ಸಾವು.* ಹಳೆಯ ಹೃದಯಾಘಾತದಿಂದ ಹೃದಯ ತೀರ ದುರ್ಬಲಗೊಂಡ 1,232 ರೋಗಿಗಳ ಪ್ರಯೋಗದಲ್ಲಿ (2002) ಲಯ ಕೆಟ್ಟಾಗ ವಿದ್ಯುತ್ ಆಘಾತದಿಂದ ಅದನ್ನು ಸರಿಪಡಿಸುವ, ದೇಹದೊಳಗೆ ಅಳವಡಿಸುವ ಡಿಫಿಬ್ರಿಲೇಟರ್ ಸಾವಿನ ಅಪಾಯವನ್ನು ಶೇ 31ರಷ್ಟು ತಗ್ಗಿಸಿತು. ಹೃತ್ಕರ್ಣದ ಕಂಪನ ಎಂಬ ಲಯದೋಷವಿದ್ದವರಿಗೆ ಮಿದುಳಿನ ಆಘಾತದ ಅಪಾಯ ಸುಮಾರು ಐದು ಪಟ್ಟು ಎಂದು ಫ್ರೇಮಿಂಗ್‌ಹ್ಯಾಮ್ ದಾಖಲೆಗಳು ತೋರಿಸಿದವು.

*ರುಮ್ಯಾಟಿಕ್ ಹೃದ್ರೋಗ.* ಬಾಲ್ಯದ ಗಂಟಲು ಸೋಂಕಿನ ನಂತರ ಬರುವ ಜ್ವರದಿಂದ ಹೃದಯದ ಕವಾಟಗಳು ಕೆಡುವ ಈ ರೋಗ ಬಡತನ ಮತ್ತು ಇಕ್ಕಟ್ಟಿನ ವಸತಿಯೊಂದಿಗೆ ಬೆಸೆದಿದೆ. ಭಾರತ, ಯೆಮನ್ ಮತ್ತು ಆಫ್ರಿಕದ 12 ದೇಶಗಳ 3,343 ರೋಗಿಗಳ ರೆಮಿಡಿ ನೋಂದಣಿಯಲ್ಲಿ ರೋಗಿಗಳ ಮಧ್ಯಾಂಕ ವಯಸ್ಸು 28. ಎರಡು ವರ್ಷಗಳಲ್ಲಿ ಅವರಲ್ಲಿ ಶೇ 16.9 ಮಂದಿ ಮೃತಪಟ್ಟರು. ಉಗಾಂಡಾದ 818 ಮಕ್ಕಳ ಮೇಲೆ ನಡೆದ ಪ್ರಯೋಗ (ಪ್ರಕಟಣೆ 2021–22), ರೋಗದ ಸುಪ್ತ ಹಂತದಲ್ಲೇ ತಿಂಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟರೆ ರೋಗ ಮುಂದುವರಿಯುವವರ ಪ್ರಮಾಣ ಶೇ 8.2ರಿಂದ ಶೇ 0.8ಕ್ಕೆ ಇಳಿಯುತ್ತದೆ ಎಂದು ತೋರಿಸಿತು.

*ಕವಾಟದ ಮುಪ್ಪು.* ಶಸ್ತ್ರಚಿಕಿತ್ಸೆ ತಾಳಲಾರದ, ಮಹಾಧಮನಿ ಕವಾಟ ಕಿರಿದಾದ ವೃದ್ಧರಲ್ಲಿ ತೊಡೆಯ ರಕ್ತನಾಳದ ಮೂಲಕ ಹೊಸ ಕವಾಟ ಕೂರಿಸಿದಾಗ ಒಂದು ವರ್ಷದ ಸಾವು ಶೇ 50.7ರಿಂದ ಶೇ 30.7ಕ್ಕೆ ಇಳಿದುದನ್ನು 2010ರ ಪಾರ್ಟ್‌ನರ್ ಪ್ರಯೋಗ ದಾಖಲಿಸಿತು.

ಭಾರತ ಮತ್ತು ಕರ್ನಾಟಕದ ಅಧ್ಯಯನಗಳು

ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡೆನಿಸ್ ಜೇವಿಯರ್, ಪ್ರೇಮ್ ಪೈಸ್ ಮತ್ತು ಸಹಚರರು ನಡೆಸಿದ, ಹೃದಯಾಘಾತ ಮತ್ತಿತರ ತುರ್ತು ಪರಿಧಮನಿ ರೋಗಗಳ ಕ್ರಿಯೇಟ್ ನೋಂದಣಿ 2008ರಲ್ಲಿ ಪ್ರಕಟವಾಯಿತು. 50 ನಗರಗಳ 89 ಕೇಂದ್ರಗಳಿಂದ ಖಚಿತ ರೋಗನಿರ್ಣಯವಾದ 20,468 ರೋಗಿಗಳು ಇದರಲ್ಲಿದ್ದರು. ಶೇ 60.6 ಮಂದಿಗೆ ಪರಿಧಮನಿ ಪೂರ್ಣ ಮುಚ್ಚಿದಾಗ ಕಾಣುವ, ಎಸ್‌ಟಿ ಏರಿಕೆಯ ಹೃದಯಾಘಾತವಾಗಿತ್ತು. ಇಂಥವರು ನೋವು ಶುರುವಾದ ಮೇಲೆ ಆಸ್ಪತ್ರೆ ತಲುಪಲು ತೆಗೆದುಕೊಂಡ ಮಧ್ಯಾಂಕ ಸಮಯ 300 ನಿಮಿಷಕ್ಕೂ ಹೆಚ್ಚು. ಬಡ ರೋಗಿಗಳಲ್ಲಿ 30 ದಿನಗಳ ಸಾವು ಶೇ 8.2 ಇದ್ದರೆ ಸಿರಿವಂತರಲ್ಲಿ ಶೇ 5.5 ಇತ್ತು. ಚಿಕಿತ್ಸೆಯಲ್ಲಿನ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ಅಂತರ ಅಳಿದುಹೋಯಿತು. ಬಡವರ ಹೆಚ್ಚಿನ ಸಾವಿಗೆ ಚಿಕಿತ್ಸೆಯ ಕೊರತೆಯೇ ಮುಖ್ಯ ಕಾರಣ ಎಂಬುದನ್ನು ಇದು ಸೂಚಿಸಿತು.

ತಮಿಳುನಾಡಿನಲ್ಲಿ ಸಣ್ಣ ಆಸ್ಪತ್ರೆಗಳನ್ನು ದೊಡ್ಡ ಕೇಂದ್ರಗಳಿಗೆ ಬೆಸೆದು ರೋಗಿಗಳನ್ನು ಸಾಗಿಸುವ ವ್ಯವಸ್ಥೆ ಜಾರಿಯಾದ ಮೇಲೆ ಎಸ್‌ಟಿ ಏರಿಕೆಯ ಹೃದಯಾಘಾತದವರಲ್ಲಿ ಒಂದು ವರ್ಷದ ಸಾವು ಶೇ 17.6ರಿಂದ ಶೇ 14.2ಕ್ಕೆ ಇಳಿದ ವರದಿ 2017ರಲ್ಲಿ ಬಂತು. ಹೃದಯ ವೈಫಲ್ಯದ ರಾಷ್ಟ್ರೀಯ ನೋಂದಣಿಯಲ್ಲಿ 53 ಆಸ್ಪತ್ರೆಗಳ 10,851 ರೋಗಿಗಳಿದ್ದು 90 ದಿನಗಳಲ್ಲಿ ಶೇ 14.2 ಮಂದಿ ಮೃತಪಟ್ಟಿದ್ದರು. ಪಂಪ್ ಶಕ್ತಿ ಕುಗ್ಗಿದವರಲ್ಲಿ ಶಿಫಾರಸಿನ ಔಷಧಗಳು ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ ಮಂದಿಗೆ.

ಬೆಂಗಳೂರಿನ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯು 40 ವರ್ಷದೊಳಗೆ ಪರಿಧಮನಿ ರೋಗಕ್ಕೆ ಒಳಗಾದವರ ನೋಂದಣಿಯನ್ನು 2017ರಲ್ಲಿ ಆರಂಭಿಸಿತು. ಕಿರಿಯರ ಹಠಾತ್ ಸಾವುಗಳ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 47 ಆಸ್ಪತ್ರೆಗಳ ಮೂಲಕ ನಡೆಸಿದ ಪ್ರಕರಣ–ಹೋಲಿಕೆ ಅಧ್ಯಯನ 2023ರಲ್ಲಿ ಪ್ರಕಟವಾಯಿತು. 18ರಿಂದ 45 ವರ್ಷದ 729 ಸಾವುಗಳನ್ನು ಅದು ಪರಿಶೀಲಿಸಿತು. ಕೋವಿಡ್ ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಂಡುಬರಲಿಲ್ಲ. ಕೋವಿಡ್‌ನಿಂದ ಆಸ್ಪತ್ರೆಗೆ ದಾಖಲಾಗಿದ್ದುದು, ಕುಟುಂಬದಲ್ಲಿ ಹಠಾತ್ ಸಾವಿನ ಹಿನ್ನೆಲೆ, ಸಾವಿಗೆ ಮುನ್ನಿನ 48 ಗಂಟೆಗಳಲ್ಲಿ ಅತಿಯಾದ ಮದ್ಯ, ಮಾದಕವಸ್ತು ಅಥವಾ ತೀವ್ರ ದೈಹಿಕ ಶ್ರಮ ಇವು ಅಪಾಯದೊಂದಿಗೆ ಜೋಡಿಗೊಂಡಿದ್ದವು. 2025ರಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಸಾವುಗಳ ವರದಿಗಳು ಬಂದಾಗ ಕರ್ನಾಟಕ ಸರ್ಕಾರ ತಜ್ಞರ ಸಮಿತಿಯಿಂದ ಪರಿಶೀಲನೆ ನಡೆಸಿತು. ಕಿರಿಯರ ಹೃದಯಾಘಾತಕ್ಕೆ ಲಸಿಕೆಯ ನಂಟನ್ನು ಸಮಿತಿಯೂ ಕಾಣಲಿಲ್ಲ.

ಉಪಯೋಗಗಳು

ಸಂಶೋಧನೆಯ ಮೊದಲ ಉಪಯೋಗ ಅಪಾಯದ ಅಂಕಗಣನೆ. ವಯಸ್ಸು, ಲಿಂಗ, ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ, ಮಧುಮೇಹಗಳಿಂದ ಮುಂದಿನ 10 ವರ್ಷಗಳ ಅಪಾಯವನ್ನು ಅಂದಾಜಿಸುವ ಫ್ರೇಮಿಂಗ್‌ಹ್ಯಾಮ್ ಅಂಕಪಟ್ಟಿ 1998ರಲ್ಲಿ ವ್ಯಾಪಕ ಬಳಕೆಗೆ ಬಂತು. ಪ್ರಯೋಗಾಲಯ ಪರೀಕ್ಷೆ ಇಲ್ಲದ ಕಡೆಯೂ ಬಳಸಬಹುದಾದ ಪಟ್ಟಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರದೇಶವಾರು ರೂಪಿಸಿದೆ. ಆಸ್ಪತ್ರೆಯಲ್ಲಿ ಯಾರಿಗೆ ತುರ್ತು ಆಂಜಿಯೋಗ್ರಾಮ್ ಬೇಕು ಎಂದು ನಿರ್ಧರಿಸಲು ಟಿಮಿ ಮತ್ತು ಗ್ರೇಸ್ ಎಂಬ ಅಪಾಯದ ಅಂಕಗಳು ನೆರವಾಗುತ್ತವೆ.

ಎರಡನೆಯದು ತಡೆಗಟ್ಟುವಿಕೆ. ರಕ್ತದೊತ್ತಡ ಮತ್ತು ಕೊಲೆಸ್ಟರಾಲ್ ಇಳಿಸುವ ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸುವ ಬಹುಮಾತ್ರೆಯ ಮೊದಲ ದೊಡ್ಡ ಪರೀಕ್ಷೆಗಳಲ್ಲೊಂದು ಭಾರತದ 50 ಕೇಂದ್ರಗಳ 2,053 ಜನರ ಮೇಲೆ ನಡೆದು 2009ರಲ್ಲಿ ಪ್ರಕಟವಾಯಿತು. ಮುಂದಿನ ಪ್ರಯೋಗದಲ್ಲಿ 5,713 ಜನರಿದ್ದರು. ಬಹುಮಾತ್ರೆ ಮತ್ತು ಆಸ್ಪಿರಿನ್ ಎರಡನ್ನೂ ಪಡೆದವರಲ್ಲಿ ಶೇ 4.1 ಮಂದಿಗೆ, ಹುಸಿಮಾತ್ರೆ ಪಡೆದವರಲ್ಲಿ ಶೇ 5.8 ಮಂದಿಗೆ ಹೃದಯ–ರಕ್ತನಾಳದ ಗಂಭೀರ ಘಟನೆಗಳಾದವು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಮಾತ್ರೆಯನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಮೂರನೆಯದು ಆರೋಗ್ಯ ವ್ಯವಸ್ಥೆಯ ರಚನೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರಿಗೆ ಕಳುಹಿಸಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಕೊಟ್ಟು, ನಂತರ ದೊಡ್ಡ ಆಸ್ಪತ್ರೆಗೆ ಸಾಗಿಸುವ ಕರ್ನಾಟಕದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ, ಮೊದಲ ಗಂಟೆಗಳ ಮಹತ್ವ ಕುರಿತ ಸಂಶೋಧನೆಯನ್ನು ಆಧರಿಸಿದೆ.

ಮಿತಿಗಳು ಮತ್ತು ಎಚ್ಚರಗಳು

ಜೊತೆಯಾಗಿ ಕಾಣುವ ಎರಡು ಸಂಗತಿಗಳಲ್ಲಿ ಒಂದು ಮತ್ತೊಂದರ ಕಾರಣವಾಗಿರಲೇಬೇಕೆಂದಿಲ್ಲ. ಋತುಬಂಧದ ನಂತರ ಹಾರ್ಮೋನ್ ತೆಗೆದುಕೊಂಡ ಸ್ತ್ರೀಯರಲ್ಲಿ ಹೃದ್ರೋಗ ಕಡಿಮೆ ಎಂದು ಸಮೂಹ ಅಧ್ಯಯನಗಳು ಹೇಳಿದ್ದವು. 16,608 ಸ್ತ್ರೀಯರ ಯಾದೃಚ್ಛಿಕ ಪ್ರಯೋಗ 2002ರಲ್ಲಿ ಅಂಥ ರಕ್ಷಣೆಯಿಲ್ಲವೆಂದೂ ಹಾನಿ ಹೆಚ್ಚೆಂದೂ ತೋರಿಸಿ ಅವಧಿಗೆ ಮುನ್ನವೇ ನಿಂತಿತು.

ಬದಲಿ ಸೂಚಕವೂ ದಾರಿ ತಪ್ಪಿಸಬಹುದು. ಹೃದಯಾಘಾತದ ನಂತರದ ಅಕಾಲಿಕ ಬಡಿತಗಳನ್ನು ಅಡಗಿಸುವ ಎನ್ಕೈನೈಡ್ ಮತ್ತು ಫ್ಲೆಕೈನೈಡ್ ಔಷಧಗಳ ಕ್ಯಾಸ್ಟ್ ಪ್ರಯೋಗದಲ್ಲಿ ಔಷಧ ಪಡೆದ 755 ಜನರಲ್ಲಿ 63 ಮಂದಿ, ಹುಸಿಮಾತ್ರೆ ಪಡೆದ 743 ಜನರಲ್ಲಿ 26 ಮಂದಿ ಸತ್ತರು. ಬಡಿತಗಳು ಅಡಗಿದ್ದವು, ಸಾವುಗಳು ಹೆಚ್ಚಿದ್ದವು. ‘ಒಳ್ಳೆಯ ಕೊಲೆಸ್ಟರಾಲ್’ ಎನಿಸಿದ ಎಚ್‌ಡಿಎಲ್ ಅನ್ನು ಏರಿಸಿದ ಟಾರ್ಸೆಟ್ರಾಪಿಬ್‌ನ 15,067 ಜನರ ಪ್ರಯೋಗವೂ ಸಾವುಗಳು ಹೆಚ್ಚಿದ್ದರಿಂದ 2006ರಲ್ಲಿ ನಿಂತುಹೋಯಿತು.

ರೋಗಿಗಳನ್ನು ಸಣ್ಣ ಸಣ್ಣ ಉಪಗುಂಪುಗಳಾಗಿ ಒಡೆದರೆ ಆಕಸ್ಮಿಕ ಫಲಿತಾಂಶಗಳು ಸತ್ಯದಂತೆ ಕಾಣುತ್ತವೆ. ಇದನ್ನು ಮನಗಾಣಿಸಲು ಐಸಿಸ್-2 ತಂಡ ರೋಗಿಗಳನ್ನು ರಾಶಿಗಳಿಗೆ ಅನುಗುಣವಾಗಿ ವಿಂಗಡಿಸಿತು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಪ್ರಯೋಜನವೇ ಇಲ್ಲವೆಂಬ ಅರ್ಥಹೀನ ಉತ್ತರ ಬಂತು.

ಸಾಪೇಕ್ಷ ಅಪಾಯವನ್ನು ಮಾತ್ರ ಹೇಳಿದರೆ ಲಾಭ ಉತ್ಪ್ರೇಕ್ಷಿತವಾಗಿ ಕಾಣುತ್ತದೆ. ಕೊಲೆಸ್ಟರಾಲ್ ಇಳಿಸುವ ಸಿಮ್ವಾಸ್ಟಾಟಿನ್‌ನ ಸ್ಕ್ಯಾಂಡಿನೇವಿಯಾ ಪ್ರಯೋಗದಲ್ಲಿ (1994, 4,444 ರೋಗಿಗಳು) ಸಾವಿನ ಸಾಪೇಕ್ಷ ಅಪಾಯ ಶೇ 30 ಇಳಿಯಿತು. ನಿರಪೇಕ್ಷವಾಗಿ ನೋಡಿದರೆ ಸಾವು ಶೇ 11.5ರಿಂದ ಶೇ 8.2ಕ್ಕೆ ಇಳಿಯಿತು. ಅಂದರೆ ಐದು ವರ್ಷಕ್ಕೂ ಹೆಚ್ಚು ಕಾಲ ಸುಮಾರು 30 ಮಂದಿಗೆ ಚಿಕಿತ್ಸೆ ಕೊಟ್ಟಾಗ ಒಂದು ಜೀವ ಉಳಿಯಿತು. ಎರಡೂ ಲೆಕ್ಕಗಳು ಸರಿ, ರೋಗಿಗೆ ಎರಡನ್ನೂ ತಿಳಿಸಬೇಕು.

ಯಾರನ್ನು ಅಧ್ಯಯನ ಮಾಡಲಾಯಿತು ಎಂಬುದೂ ಮುಖ್ಯ. ಫ್ರೇಮಿಂಗ್‌ಹ್ಯಾಮ್‌ನ ಮೊದಲ ತಂಡ ಬಹುತೇಕ ಬಿಳಿಯರದಾಗಿತ್ತು. ಹಲವು ಪ್ರಯೋಗಗಳಲ್ಲಿ ಸ್ತ್ರೀಯರೂ ವೃದ್ಧರೂ ಕಡಿಮೆ. ಅಂಥ ಅಂಕಪಟ್ಟಿಗಳನ್ನು ಬೇರೆ ಜನಸಮುದಾಯಕ್ಕೆ ಅನ್ವಯಿಸುವ ಮೊದಲು ಸ್ಥಳೀಯ ದಾಖಲೆಗಳಿಂದ ಹೊಂದಿಸಬೇಕಾಗುತ್ತದೆ.

ನೈತಿಕ ನಿಯಮಗಳು

ಮನುಷ್ಯರ ಮೇಲಿನ ಸಂಶೋಧನೆಗೆ 1964ರ ಹೆಲ್ಸಿಂಕಿ ಘೋಷಣೆ ಅಂತರರಾಷ್ಟ್ರೀಯ ಆಧಾರ. ವಿಷಯ ತಿಳಿದು ಕೊಟ್ಟ ಒಪ್ಪಿಗೆ, ನೈತಿಕ ಸಮಿತಿಯ ಪರಿಶೀಲನೆ, ಹಾನಿ ಕಂಡರೆ ಪ್ರಯೋಗ ನಿಲ್ಲಿಸುವ ಸ್ವತಂತ್ರ ಉಸ್ತುವಾರಿ ಕಡ್ಡಾಯ. ಭಾರತದ ಪ್ರಯೋಗಗಳ ಸಾರ್ವಜನಿಕ ನೋಂದಣಿ 2007ರಲ್ಲಿ ಆರಂಭವಾಗಿ 2009ರಿಂದ ಕಡ್ಡಾಯವಾಯಿತು. ಔಷಧ ಪ್ರಯೋಗಗಳಿಗೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ಅನ್ವಯಿಸುತ್ತವೆ. ಪ್ರಯೋಗದಿಂದ ಹಾನಿಗೊಳಗಾದವರಿಗೆ ಪರಿಹಾರ ನೀಡುವುದನ್ನು ಈ ನಿಯಮಗಳು ವಿಧಿಸುತ್ತವೆ.

ಇಂದಿನ ಸ್ಥಿತಿ

ಕೊಲೆಸ್ಟರಾಲ್‌ನ ಆಚೆಗೆ ಉರಿಯೂತವೂ ಬದಲಾಯಿಸಬಹುದಾದ ಕಾರಣವೆಂದು 10,061 ರೋಗಿಗಳ ಕ್ಯಾಂಟೋಸ್ ಪ್ರಯೋಗ 2017ರಲ್ಲಿ ತೋರಿಸಿತು. ಲಿಪೊಪ್ರೋಟೀನ್–ಎ ಎಂಬ ವಂಶಾನುಗತ ಕೊಬ್ಬಿನ ಕಣವನ್ನು ಇಳಿಸುವ ಔಷಧಗಳ ದೊಡ್ಡ ಪ್ರಯೋಗಗಳು ನಡೆದಿವೆ. ಇಸಿಜಿ ಮತ್ತು ಚಿತ್ರಗಳನ್ನು ಕಂಪ್ಯೂಟರ್ ಮೂಲಕ ವಿಶ್ಲೇಷಿಸಿ ಅಪಾಯ ಅಂದಾಜಿಸುವ ವಿಧಾನಗಳೂ ಪರೀಕ್ಷೆಗೊಳಪಡುತ್ತಿವೆ.

ಅಪಾಯಾಂಶ ಮತ್ತು ರೋಗಪರಿಣಾಮ ಒಂದೇ ದಿಕ್ಕಿನಲ್ಲಿ ಸಾಗುವುದಿಲ್ಲ ಎಂಬುದನ್ನು ಬೆಂಗಳೂರು ಸೇರಿದಂತೆ ಹಲವು ನಗರ–ಹಳ್ಳಿಗಳ ಜನರನ್ನು ಒಳಗೊಂಡ ಪ್ಯೂರ್ ಅಧ್ಯಯನ ಸ್ಪಷ್ಟಪಡಿಸಿದೆ. 17 ದೇಶಗಳ 1,56,424 ಜನರ 2014ರ ವರದಿಯಲ್ಲಿ ಅಪಾಯಾಂಶಗಳ ಹೊರೆ ಶ್ರೀಮಂತ ದೇಶಗಳಲ್ಲಿ ಅತಿ ಹೆಚ್ಚು, ಬಡ ದೇಶಗಳಲ್ಲಿ ಅತಿ ಕಡಿಮೆ. ಆದರೆ ಹೃದಯ–ರಕ್ತನಾಳದ ಗಂಭೀರ ಘಟನೆಗಳ ವಾರ್ಷಿಕ ದರ ಸಾವಿರ ಜನರಿಗೆ ಶ್ರೀಮಂತ ದೇಶಗಳಲ್ಲಿ 3.99, ಬಡ ದೇಶಗಳಲ್ಲಿ 6.43. ಇದೇ ಅಧ್ಯಯನದ 2011ರ ವರದಿಯಂತೆ, ಈಗಾಗಲೇ ಹೃದ್ರೋಗ ಅಥವಾ ಮಿದುಳಿನ ಆಘಾತಕ್ಕೆ ಒಳಗಾದವರಲ್ಲಿ ಆಸ್ಪಿರಿನ್, ಸ್ಟಾಟಿನ್‌ನಂಥ ಒಂದೂ ರಕ್ಷಕ ಔಷಧ ಪಡೆಯದವರ ಪ್ರಮಾಣ ಶ್ರೀಮಂತ ದೇಶಗಳಲ್ಲಿ ಶೇ 11.2 ಇದ್ದರೆ ಬಡ ದೇಶಗಳಲ್ಲಿ ಶೇ 80.2 ಇತ್ತು. ಈ ಔಷಧಗಳಲ್ಲಿ ಹೆಚ್ಚಿನವುಗಳ ಪ್ರಯೋಜನ 1980 ಮತ್ತು 1990ರ ದಶಕಗಳಲ್ಲೇ ಸಿದ್ಧಪಟ್ಟಿದ್ದು, ಅವು ಈಗ ಅಗ್ಗದ ದರದಲ್ಲಿ ತಯಾರಾಗುತ್ತವೆ. ಹೊಸ ಕಾರಣಗಳ ಹುಡುಕಾಟದ ಜೊತೆಗೆ, ಸಿದ್ಧಪಟ್ಟ ಚಿಕಿತ್ಸೆ ಹಳ್ಳಿಯ ಉಪಕೇಂದ್ರದಿಂದ ನಗರದ ಆಸ್ಪತ್ರೆಯವರೆಗೆ ಪ್ರತಿ ರೋಗಿಯನ್ನೂ ತಲುಪುವಂತೆ ಮಾಡುವ ವಿಧಾನಗಳ ಪರೀಕ್ಷೆಯೂ ಇಂದು ಈ ಶಾಖೆಯ ಪ್ರಧಾನ ಕಾರ್ಯಕ್ಷೇತ್ರವಾಗಿದೆ.